ಫ್ರಿಜ್‌ಗೆ ವಿಮೆ ಇತ್ತು, ಹೊತ್ತ ಹುಡುಗನಿಗೆ ಇರಲಿಲ್ಲ

ಕಳೆದ ವರ್ಷ ಮಳೆಗಾಲ ಶುರುವಾಗೋ ಮುಂಚೆ ಭಾವನಿಗೆ ಕಾರವಾರದ ನೌಕಾನೆಲೆಯಿಂದ ಕೊಚ್ಚಿಗೆ ವರ್ಗವಾಯಿತು. ನೌಕಾಪಡೆಯ ಮನೆಗಳಿಗೆ ಇದು ಮಾಮೂಲು. ಎರಡು ಮೂರು ವರ್ಷಕ್ಕೊಮ್ಮೆ ಸಂಸಾರ ಬಿಚ್ಚಬೇಕು, ಲಾರಿಗೆ ತುಂಬಬೇಕು, ಇನ್ನೊಂದು ಬಂದರಿನಲ್ಲಿ ಮತ್ತೆ ಹೂಡಬೇಕು. ಖರ್ಚಿಗೆ ಸರ್ಕಾರ ವರ್ಗಾವಣೆ ಭತ್ಯೆ ಕೊಡುತ್ತದೆ. ಅದಕ್ಕೇ ಇಂಥ ಊರುಗಳಲ್ಲಿ ಪ್ಯಾಕರ್ಸ್ ಆಂಡ್ ಮೂವರ್ಸ್‌ಗೆ ಬಿಡುವೇ ಇರುವುದಿಲ್ಲ.

ಕ್ವಾರ್ಟರ್ಸ್ ಸಿಗೋವರೆಗೆ ಅಂತ ಅಕ್ಕ ಫೋರ್ಟ್ ಕೊಚ್ಚಿಯಲ್ಲಿ ಹಳೇ ಮನೆಯೊಂದರ ಮಹಡಿ ಹಿಡಿದಿದ್ದಳು. ಪೋರ್ಚುಗೀಸರು 1503ರಲ್ಲಿ ಕೋಟೆ ಕಟ್ಟಿದ ಜಾಗ ಅದು. 1663ರಲ್ಲಿ ಡಚ್ಚರು, 1795ರಲ್ಲಿ ಬ್ರಿಟಿಷರು ಅದನ್ನು ಹಿಡಿದರು. ಮೂವರೂ ಬಿಟ್ಟುಹೋದ ಬೀದಿಗಳ ಮಧ್ಯೆ ಇವತ್ತು ಹೋಂಸ್ಟೇಗಳಿವೆ, ಪಕ್ಕದಲ್ಲೇ ನೌಕಾಪಡೆಯ ತರಬೇತಿ ನೆಲೆ ಐಎನ್ಎಸ್ ದ್ರೋಣಾಚಾರ್ಯ ಇದೆ. ನೋಡಲು ಚೆಂದ. ಆದರೆ ಸಾಮಾನು ಸಾಗಿಸುವವನ ಕಣ್ಣಿಂದ ನೋಡಿ: ಲಾರಿ ತಿರುಗದ ಗಲ್ಲಿ, ಒಬ್ಬರೇ ಹತ್ತಬಹುದಾದ ಕಡಿದಾದ ಮರದ ಮೆಟ್ಟಿಲು, ಹಲಗೆಯ ನೆಲ. "ಏನನ್ನೂ ಎಳೆಯಬೇಡಿ, ಎತ್ತಿಯೇ ಇಡಿ" ಅಂತ ಮಾಲೀಕರು ಮೊದಲೇ ಹೇಳಿದ್ದರು.

ನಾನು ಸಹಾಯಕ್ಕೆ ಅಂತ ಹೋಗಿದ್ದೆ. ನಮ್ಮ ಲಾರಿಯ ಜೊತೆ ಬಂದವರು ನಾಲ್ಕು ಜನ. ಮೂವರು ಬಿಹಾರದ ಹುಡುಗರು, ಒಬ್ಬ ಸೂಪರ್‌ವೈಸರ್. ಗಲ್ಲಿಯ ತುದಿಯಲ್ಲಿ ಸಾಮಾನನ್ನು ಸಣ್ಣ ಟೆಂಪೋಗೆ ಬದಲಾಯಿಸುತ್ತಿದ್ದಾಗ ನೀಲಿ ಅಂಗಿಯ ಇಬ್ಬರು ಬಂದು ನಿಂತರು. ಭಾವನ ಮುಖ ಬಿಗಿಯಿತು. "ಬಂದ್ರಪ್ಪಾ ನೋಕ್ಕುಕೂಲಿಗೆ" ಅಂದರು ಮೆಲ್ಲಗೆ.

ನೋಕ್ಕುಕೂಲಿ ಅಂದರೆ ನೋಡಿದ್ದಕ್ಕೆ ಕೂಲಿ. ಸಾಮಾನನ್ನು ಬೇರೆಯವರು ಇಳಿಸಿದರೂ ಆ ಪ್ರದೇಶದ ಯೂನಿಯನ್ನಿನ ಹೊರೆ ಕೆಲಸಗಾರರು ಸುಮ್ಮನೆ ನಿಂತು ನೋಡಿ ದುಡ್ಡು ಕೇಳುವುದು. 2021ರಲ್ಲಿ ತಿರುವನಂತಪುರದ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರಕ್ಕೆ ಯಂತ್ರೋಪಕರಣ ಹೊತ್ತು ಬಂದ ವಾಹನವನ್ನೇ ಇದಕ್ಕಾಗಿ ತಡೆದಿದ್ದರು. ಕೇರಳ ಸರ್ಕಾರ 2018ರ ಮೇ 1ರಿಂದಲೇ ಈ ಪದ್ಧತಿಯನ್ನು ನಿಷೇಧಿಸಿತ್ತು. ಇದನ್ನು ಸುಲಿಗೆ ಎಂದೇ ಪರಿಗಣಿಸಿ ಅಂತ ಹೈಕೋರ್ಟ್ 2021ರಲ್ಲಿ ಪೊಲೀಸರಿಗೆ ಹೇಳಿತು. 2025ರ ಮಾರ್ಚ್‌ನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ರಾಜ್ಯಸಭೆಯಲ್ಲಿ ಕೇರಳದ ಎಡಪಕ್ಷವನ್ನು ಟೀಕಿಸಲು ಎತ್ತಿಕೊಂಡದ್ದೂ ಇದೇ ಉದಾಹರಣೆಯನ್ನು.

ಟೀಕೆಯಲ್ಲಿ ಸುಳ್ಳಿಲ್ಲ. ಬೆವರು ಸುರಿಸದೆ ಬೆದರಿಸಿ ಪಡೆಯುವ ಹಣ ಕೂಲಿಯಲ್ಲ. ಆದರೆ ಅವತ್ತು ಆ ಗಲ್ಲಿಯಲ್ಲಿ ನಡೆದದ್ದು ಬೇರೆಯೇ.

ನೀಲಿ ಅಂಗಿಯವರಲ್ಲಿ ಹಿರಿಯರು ಮುರುಕಲು ಹಿಂದಿಯಲ್ಲಿ ಕೇಳಿದರು, "ಭಾರದ್ದು ಏನೇನಿದೆ? ನಾವು ಹತ್ತಿಸಬೇಕಾ, ನಿಮ್ಮ ಹುಡುಗರೇ ಹತ್ತಿಸ್ತಾರಾ?" ಸೂಪರ್‌ವೈಸರ್, "ನಮ್ಮವರೇ ಮಾಡ್ತಾರೆ" ಅಂದ. ಅವರು ತಲೆಯಾಡಿಸಿ ನೆರಳಿಗೆ ಸರಿದರು. ಅರ್ಧ ಗಂಟೆಯಲ್ಲಿ ಕಬ್ಬಿಣದ ಬೀರು ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ಕೆಳಗಿನಿಂದ ಹೆಗಲು ಕೊಟ್ಟಿದ್ದ ಹುಡುಗನ ಬೆರಳುಗಳು ಬೀರು ಮತ್ತು ಗೋಡೆಯ ನಡುವೆ ಜಜ್ಜಿಹೋದವು. ಇನ್ನೂ ಇಪ್ಪತ್ತು ತುಂಬಿರದ ಹುಡುಗ. ಹಿಂದಿನ ರಾತ್ರಿಯೆಲ್ಲ ಲಾರಿಯಲ್ಲೇ ಬಂದಿದ್ದ.

ಸೂಪರ್‌ವೈಸರ್ ಮೊದಲು ನೋಡಿದ್ದು ಬೀರುವನ್ನು. ಆಮೇಲೆ ಹುಡುಗನಿಗೆ, "ಊರಿಗೆ ಹೋಗಿ ರೆಸ್ಟ್ ತಗೋ" ಅಂದ. ಅಂದರೆ ಕೆಲಸ ಹೋಯಿತು ಅಂತ. ಅಕ್ಕ ಅರಿಶಿನ ಹುಡುಕುತ್ತಿದ್ದಳು, ಅದು ಯಾವ ಡಬ್ಬದಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ನೀಲಿ ಅಂಗಿಯ ಹಿರಿಯರು ತಮ್ಮ ಟವೆಲ್‌ನಿಂದ ಕೈ ಕಟ್ಟಿ, ಆಟೋ ಕರೆದು, ಹುಡುಗನನ್ನು ಆಸ್ಪತ್ರೆಗೆ ಕರೆದೊಯ್ದರು. ಹೊರಡುವಾಗ ಸೂಪರ್‌ವೈಸರ್‌ಗೆ ಒಂದೇ ಪ್ರಶ್ನೆ: "ಇವನಿಗೆ ಕಾರ್ಡ್ ಇಲ್ವಾ?"

ಇರಲಿಲ್ಲ. ಮನೆಗೆ ಬಂದು ನಮ್ಮ ರಸೀದಿ ತೆಗೆದು ನೋಡಿದೆ. ಟ್ರಾನ್ಸಿಟ್ ಇನ್ಶೂರೆನ್ಸ್ ಅಂತ ನಾವು ದುಡ್ಡು ಕಟ್ಟಿದ್ದೆವು. ಫ್ರಿಜ್, ಟಿವಿ, ವಾಷಿಂಗ್ ಮೆಷಿನ್, ಬೀರು ಎಲ್ಲದಕ್ಕೂ ಬೆಲೆ ಬರೆದಿತ್ತು. ಅವನ್ನು ಹೊರುವವರ ಹೆಸರು ಕೂಡ ಆ ಕಾಗದದಲ್ಲಿ ಇರಲಿಲ್ಲ.

ಆ ಹಿರಿಯರು ಕೇಳಿದ ಕಾರ್ಡ್ ಎಲ್ಲಿಂದ ಬಂತು ಅನ್ನೋದು ನಮ್ಮ ಪೀಳಿಗೆ ತಿಳಿಯಬೇಕಾದ ಕಥೆ. ಹೊರೆ ಹೊರುವವನಿಗೆ ಒಬ್ಬನೇ ಮಾಲೀಕ ಅಂತ ಇರುವುದಿಲ್ಲ. ಬೆಳಿಗ್ಗೆ ಒಂದು ಅಂಗಡಿ, ಸಂಜೆ ಇನ್ನೊಂದು ಲಾರಿ. ಹಾಗಾದರೆ ಪಿಎಫ್ ಯಾರು ಕಟ್ಟಬೇಕು? ಮಹಾರಾಷ್ಟ್ರದ 1969ರ ಮಾಥಾಡಿ ಕಾಯ್ದೆ ಇದಕ್ಕೆ ಉತ್ತರ ಹುಡುಕಿತು. ಕೆಲಸಗಾರರು, ಕೆಲಸ ಕೊಡುವವರು, ಸರ್ಕಾರ ಮೂರೂ ಕಡೆಯವರಿರುವ ಒಂದು ಮಂಡಳಿ. ಕೂಲಿಯ ಜೊತೆಗೆ ಒಂದಿಷ್ಟು ಲೆವಿಯನ್ನೂ ಮಾಲೀಕ ಅಲ್ಲಿ ಕಟ್ಟಬೇಕು. ಮಂಡಳಿ ಕೆಲಸಗಾರನಿಗೆ ಕೂಲಿ ಕೊಟ್ಟು, ಉಳಿದದ್ದರಲ್ಲಿ ಪಿಎಫ್, ಗ್ರಾಚ್ಯುಟಿ ನೋಡಿಕೊಳ್ಳುತ್ತದೆ. ಕೇರಳ 1978ರಲ್ಲಿ ತನ್ನದೇ ಹೊರೆ ಕಾರ್ಮಿಕರ ಕಾಯ್ದೆ ಮಾಡಿ, 1983ರ ಯೋಜನೆಯ ಮೂಲಕ ಕಲ್ಯಾಣ ಮಂಡಳಿಯ ವ್ಯವಸ್ಥೆ ತಂದಿತು.

ಇದೂ ದೋಷವಿಲ್ಲದ್ದಲ್ಲ. ನೋಂದಣಿ ಪ್ರದೇಶವಾರು. ಯೂನಿಯನ್ನಿನ ಹಿಡಿತ ಬಿಗಿ, ಹೊರಗಿನವನಿಗೆ ಒಳಗೆ ಜಾಗ ಸಿಗುವುದು ಕಷ್ಟ. ಬಿಹಾರದಿಂದ ಬಂದ ಹುಡುಗನಿಗೆ ಆ ಕಾರ್ಡ್ ಕನಸೇ. ಹಾಗೆಯೇ, ಮನೆಬಳಕೆಗೆ ಒಬ್ಬ ವ್ಯಕ್ತಿ ಇಟ್ಟುಕೊಂಡ ಆಳನ್ನು ಈ ಕಾಯ್ದೆ ಹೊರೆ ಕಾರ್ಮಿಕ ಅಂತ ಪರಿಗಣಿಸುವುದಿಲ್ಲ. ಮನೆ ಬದಲಿಸುವ ನಮ್ಮಂಥವರಿಗೆ ಅದು ಸಮಾಧಾನ ಅನಿಸಬಹುದು, ಆದರೆ ಹೊರುವವನ ರಕ್ಷಣೆ ಅಷ್ಟಕ್ಕೇ ನಿಂತಿತು ಅಂತಲೂ ಅರ್ಥ.

ಈಗ ನಮ್ಮ ಕಡೆ ನೋಡೋಣ. ಎಪಿಎಂಸಿಯ ಹಮಾಲಿಗಳನ್ನು ಕರ್ನಾಟಕ ಅಸಂಘಟಿತ ಕಾರ್ಮಿಕರ ಮಂಡಳಿಯ ಯೋಜನೆಯಲ್ಲಿ ಸೇರಿಸಿದೆ. 2025ರ ಗಿಗ್ ಕಾರ್ಮಿಕರ ಕಾಯ್ದೆ ಪ್ರಕಾರ ಆ್ಯಪ್ ಕಂಪನಿಗಳು ಪ್ರತಿ ವಹಿವಾಟಿನಲ್ಲೂ ಕಾರ್ಮಿಕನಿಗೆ ಕೊಡುವ ಹಣದ ಮೇಲೆ 1ರಿಂದ 5 ಪರ್ಸೆಂಟ್ ಕಲ್ಯಾಣ ಶುಲ್ಕ ಕಟ್ಟಬೇಕು. ಯೋಚಿಸಿ ನೋಡಿದರೆ ಇದು ಮಾಥಾಡಿ ಲೆಕ್ಕಾಚಾರವೇ, ಫೋನಿನೊಳಗೆ ಬಂದಿದೆ ಅಷ್ಟೆ. ಒಳ್ಳೆಯದೇ. ಆದರೆ ಆ ಕಾಯ್ದೆ ನಿಂತಿರುವುದು ಆ್ಯಪ್‌ನ ಮೇಲೆ. ಫೋನ್ ಮಾಡಿ ಕರೆಸುವ, ಕಂಟ್ರ್ಯಾಕ್ಟರ್ ಮೂಲಕ ಹುಡುಗರನ್ನು ತರುವ ಮೂವರ್ಸ್ ಅದರ ಬಲೆಗೆ ಬೀಳುವುದಿಲ್ಲ. ಅದೇ ಬೀರು, ಅದೇ ಮೆಟ್ಟಿಲು. ಬುಕ್ ಮಾಡಿದ ದಾರಿ ಬೇರೆಯಾದರೆ ಹುಡುಗನ ಹಕ್ಕೂ ಬೇರೆ ಅನ್ನೋದು ಯಾವ ನ್ಯಾಯ?

ನೋಕ್ಕುಕೂಲಿ ಹೋಗಲಿ. ಆದರೆ ಅದನ್ನು ತೋರಿಸಿ "ಯೂನಿಯನ್ನೇ ರೋಗ" ಅನ್ನುವವರಿಗೆ ಮಂಡಳಿಯೂ ಬೇಡ, ಲೆವಿಯೂ ಬೇಡ. ನಾವು ಕೇಳಬೇಕಾದದ್ದು ಇದರ ಉಲ್ಟಾ. ಸಾಮಾನು ಸಾಗಿಸುವ ಯಾವುದೇ ಸಂಸ್ಥೆಯಾಗಲಿ, ಆ್ಯಪ್ ಇರಲಿ ಬಿಡಲಿ, ಪ್ರತಿ ಬಿಲ್ಲಿನ ಮೇಲೆ ಲೆವಿ ಕಟ್ಟಬೇಕು. ಕಾರ್ಡ್ ಊರಿಗೆ ಅಂಟಿರಬಾರದು, ಹುಡುಗ ಪಟ್ನಾದಿಂದ ಕಾರವಾರಕ್ಕೆ, ಅಲ್ಲಿಂದ ಕೊಚ್ಚಿಗೆ ಹೋದರೂ ಅವನ ಜೊತೆ ಹೋಗಬೇಕು. ಭಾವನ ಸೇವಾ ದಾಖಲೆ ಹೋಗುವುದಿಲ್ಲವೇ ಹಾಗೆ.

ಅಲ್ಲಿಯವರೆಗೆ ನಾವು ಮಾಡಬಹುದಾದ್ದೂ ಇದೆ. ಕೊಟೇಶನ್ ಕೇಳುವಾಗ ಎಷ್ಟು ಜನ ಬರ್ತಾರೆ, ಅವರಿಗೆ ಅಪಘಾತ ವಿಮೆ ಇದೆಯಾ ಅಂತ ಬರವಣಿಗೆಯಲ್ಲಿ ಕೇಳಿ. ಹಳೇ ಮನೆಯಾದರೆ ಮೆಟ್ಟಿಲು, ತಿರುವು, ಬಾಗಿಲಿನ ಅಳತೆ ಕಳಿಸಿ, ಬೀರುವನ್ನು ಬಿಚ್ಚಿಸಿ. ಒಬ್ಬ ವಯಸ್ಕ ಗಂಡಸು ಹೊರುವ ಭಾರ 55 ಕಿಲೋ ಮೀರಬಾರದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ. ಮುಂಬಾಗಿಲಿನ ವಾಷಿಂಗ್ ಮೆಷಿನ್ ಒಂದೇ 60 ಕಿಲೋ ದಾಟುತ್ತದೆ. ಅತಿ ಕಡಿಮೆ ರೇಟು ಕೊಟ್ಟವನು ಉಳಿಸುವುದು ಡೀಸೆಲ್‌ನಲ್ಲಲ್ಲ, ಜನರಲ್ಲಿ.

ಸಂಜೆ ಆ ಹಿರಿಯರು ಇನ್ನಿಬ್ಬರನ್ನು ಕರೆತಂದು ಹಗ್ಗ ಕಟ್ಟಿ ಬೀರುವನ್ನು ಹತ್ತಿಸಿದರು. ಗೋಡೆಗೆ ಒಂದು ಗೀರೂ ಬೀಳಲಿಲ್ಲ. ಪಟ್ಟಿಯಲ್ಲಿದ್ದ ದರ ತೋರಿಸಿ ಅಷ್ಟೇ ತೆಗೆದುಕೊಂಡರು, ರಸೀದಿ ಕೊಟ್ಟರು. ಭಾವ ಮೇಲೆ ನೂರು ರೂಪಾಯಿ ಕೊಡಲು ಹೋದರೆ ಅವರು ತೆಗೆದುಕೊಳ್ಳಲಿಲ್ಲ. "ಆ ಹುಡುಗನಿಗೆ ಕೊಡಿ" ಅಂದರು.

ಹುಡುಗ ಆಗಲೇ ಲಾರಿ ಹತ್ತಿದ್ದ.