ಕಲ್ಲು ಕನ್ನಡಿಗರದು, ಹೆಸರು ಮಾತ್ರ ಅರಸರದು!

ಲಕ್ಕುಂಡಿಯ ಕಾಶಿವಿಶ್ವೇಶ್ವರನ ಗುಡಿಯನ್ನೂ ಇಟಗಿಯ ಮಹಾದೇವನ ಗುಡಿಯನ್ನೂ ಒಂದೇ ದಿನ ನೋಡಿಬಂದ ಯಾವಾತನೂ ಅವೆರಡು ಅಕ್ಕತಂಗಿಯರೆಂದು ಹೇಳದೆ ಇರಲಾರನು. ಆದರೂ ಬ್ರಿಟಿಷರ ಕಾಲದಲ್ಲಿ ಒಂದು ಮುಂಬಯಿ ಇಲಾಖೆಗೂ ಇನ್ನೊಂದು ನಿಜಾಮರ ಸಂಸ್ಥಾನಕ್ಕೂ ಸೇರಿದ್ದವು. 1956ರ ನವೆಂಬರ 1ರಂದು ಆ ಗೆರೆಯೇನೋ ಅಳಿಯಿತು. ನಮ್ಮ ತಲೆಯೊಳಗಿನ ಗೆರೆ ಅಳಿದಿದೆಯೇ ಎಂಬುದೇ ನಾವು ಕೇಳುವ ಪ್ರಶ್ನೆ.

ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವದೇನು? ಇದು ಚಾಲುಕ್ಯ ಶೈಲಿ, ಅದು ಹೊಯ್ಸಳ ಶೈಲಿ! ಫರ್ಗ್ಯುಸನ್ನರು 1876ರ ತಮ್ಮ ಗ್ರಂಥದಲ್ಲಿ 'ಚಾಲುಕ್ಯ' ಎಂಬ ಹೆಸರಿಟ್ಟು ಹಳೇಬೀಡನ್ನೂ ಅದರೊಳಗೇ ಸೇರಿಸಿದ್ದರು. ಹೆಸರು ಸರಿಯಲ್ಲದಿದ್ದರೂ ಕಣ್ಣು ಸರಿಯಾಗಿತ್ತು. ಆಮೇಲಿನವರು ಆ ಒಂದನ್ನೂ ಅರಮನೆಗಳಿಗೆ ಹಂಚಿಕೊಟ್ಟರು. ಅರಸನು ಹೊನ್ನು ಕೊಟ್ಟನು, ನಿಜ. ಉಳಿ ಹಿಡಿದವನು ಅರಸನೇ?

ಸಾಕ್ಷಿಯಿಲ್ಲದೆ ವಾದಿಸುವದು ನಮ್ಮ ಪದ್ಧತಿಯಲ್ಲ. ವಿಷ್ಣುವರ್ಧನನು 1117ರಲ್ಲಿ ಬೇಲೂರಿನ ಗುಡಿಯನ್ನು ಕಟ್ಟಿಸಿದನು. ಅಲ್ಲಿಯ ಮದನಿಕೆಯರ ಪೀಠದಲ್ಲಿ ಕನ್ನಡ ಅಕ್ಷರಗಳಿಂದ ರುಜು ಹಾಕಿದವರಾರು? ಬಳ್ಳಿಗಾವೆಯ ದಾಸೋಜನು, ಅವನ ಮಗ ಚಾವಣನು. ಬಳ್ಳಿಗಾವೆಯಾದರೋ ಕಲ್ಯಾಣದ ಚಾಲುಕ್ಯರ ಬನವಾಸಿ ನಾಡಿನ ರಾಜಧಾನಿ! ಹೊಯ್ಸಳನು ಆ ಚಾಲುಕ್ಯರ ನೊಗವನ್ನು ಕಿತ್ತೊಗೆಯಲು ಹೆಣಗುತ್ತಿದ್ದ ಕಾಲವದು. ದಂಡುಗಳು ಕಾದಾಡಿದವು, ಶಿಲ್ಪಿಯು ಉಳಿಯನ್ನು ಹೆಗಲಿಗೇರಿಸಿ ನಡೆದು ಹೋದನು. ಹಾಗಾದರೆ ದಾಸೋಜನ ಕೈ ಚಾಲುಕ್ಯವೋ ಹೊಯ್ಸಳವೋ? ತಿಳಿದವರು ತೀರ್ಪು ಕೊಡಲಿ.

ಪ್ರತಿವಾದಿಗಳು ಪಟ್ಟದಕಲ್ಲನ್ನು ಮುಂದೊಡ್ಡುವರು. ಕಂಚಿಯ ಗೆಲುವಿನ ನೆನಪಿಗಾಗಿ ಲೋಕಮಹಾದೇವಿಯು ಅಲ್ಲಿ ಕಟ್ಟಿಸಿದ ಗುಡಿ ಕಂಚಿಯ ಕೈಲಾಸನಾಥನನ್ನೇ ಹೋಲುವದೆಂದೂ, ಪಾಪನಾಥನ ಶಿಖರ ಬಡಗಣದ್ದೆಂದೂ, ಆದುದರಿಂದ ಕನ್ನಡಿಗರದು ಬರಿಯ ಎರವಿನ ಸೊತ್ತೆಂದೂ ಅವರ ವಾದ. ಕಂಚಿಯಿಂದ ಕಲಿತುದುಂಟು, ಅದನ್ನು ಮುಚ್ಚಿಡುವದೇಕೆ? ತೆಂಕಣ ದೆಸೆಯ ಸರ್ವಸಿದ್ಧಿ ಆಚಾರಿಯ ಹೆಸರು ಆ ಗುಡಿಯ ಗೋಡೆಯ ಮೇಲೆಯೇ ಇದೆ. ಅದೇ ಗುಡಿಗಾಗಿ 'ತ್ರಿಭುವನಾಚಾರಿ' ಎಂಬ ಬಿರುದು ಪಡೆದ ಗುಂಡನ ಹೆಸರೂ ಕನ್ನಡದಲ್ಲಿದೆ. (ತಾಜಮಹಲಿನ ಶಹಾಜಹಾನನನ್ನು ಬಲ್ಲ ನಮ್ಮ ಪದವೀಧರರಲ್ಲಿ ಈ ಗುಂಡನನ್ನು ಬಲ್ಲವರೆಷ್ಟು ಮಂದಿ?) ಆ ಕಲಿಕೆ ಅಲ್ಲಿಗೇ ನಿಲ್ಲಲಿಲ್ಲ. 11ನೆಯ ಶತಮಾನದಲ್ಲಿ ನಮ್ಮವರು ಒರಟು ಮರಳುಗಲ್ಲನ್ನು ಬಿಟ್ಟು ನುಣುಪಾದ ಬಳಪದ ಕಲ್ಲಿಗೆ ಕೈಹಚ್ಚಿದರು. ಕಂಬವು ಚರಕಿಗೆ ಹತ್ತಿತು. ಬಾಗಿಲುವಾಡದ ಬಳ್ಳಿಯು ಬೆರಳಿನಷ್ಟು ಸಣ್ಣದಾಯಿತು. ಕಂಚಿಯ ಗೋಪುರವು ಹಂತಹಂತವಾಗಿ ಕರಗಿ ಬೇರೊಂದೇ ಆಕಾರ ತಾಳಿತು. ಇಂಥದು ಕಂಚಿಯಲ್ಲಿಯೂ ಇಲ್ಲ, ಬಡಗಣದಲ್ಲಿಯೂ ಇಲ್ಲ. 1112ರಲ್ಲಿ ದಂಡನಾಯಕ ಮಹಾದೇವನು ಇಟಗಿಯ ಗುಡಿಯನ್ನು ಕಟ್ಟಿಸಿ ಶಾಸನದಲ್ಲಿ 'ದೇವಾಲಯ ಚಕ್ರವರ್ತಿ'ಯೆಂದು ಬರೆಯಿಸಿದನು. ಎರವಿನ ಸೊತ್ತಿಗೆ ಯಾರಾದರೂ ಇಂಥ ಪಟ್ಟ ಕಟ್ಟುವರೇ?

ಗುಜರಾತದ ವಿದ್ವಾಂಸರಾದ ಢಾಕಿಯವರು ಇದೆಲ್ಲಕ್ಕೂ 'ಕರ್ಣಾಟ-ದ್ರಾವಿಡ'ವೆಂದು ಹೆಸರಿಟ್ಟರು. ಇಂಗ್ಲೆಂಡಿನ ಆಡಮ್ ಹಾರ್ಡಿಯವರು 1995ರಲ್ಲಿ ಅದೇ ಹೆಸರಿನಿಂದ ದೊಡ್ಡ ಗ್ರಂಥವನ್ನೇ ಪ್ರಕಟಿಸಿ, 7ರಿಂದ 13ನೆಯ ಶತಮಾನದವರೆಗೆ ಒಂದೇ ಎಳೆಯನ್ನು ಎತ್ತಿ ತೋರಿಸಿದರು. ಪರರು ನಮ್ಮ ನಾಡಿನ ಹೆಸರು ಹಿಡಿದು ಕರೆಯುತ್ತಿರಲು, ನಾವು ಮಾತ್ರ ಅರಸರ ಹೆಸರುಗಳನ್ನು ಉರುಹಚ್ಚುತ್ತಿದ್ದೇವೆ!

ಶಿಕ್ಷಕ ಮಹನೀಯರಲ್ಲಿ ನಮ್ಮ ಬಿನ್ನಹವಿಷ್ಟೆ. ಈ ಸಲ ಮಕ್ಕಳನ್ನು ಬೆಳಿಗ್ಗೆ ಲಕ್ಕುಂಡಿಗೂ ಮಧ್ಯಾಹ್ನ ಇಟಗಿಗೂ ಕರೆದುಕೊಂಡು ಹೋಗಿರಿ. ಅರಸರ ಪಟ್ಟಿಯನ್ನು ಮನೆಯಲ್ಲಿಯೇ ಬಿಡಿರಿ. ನಡುವೆ ಮುಂಬಯಿ ಮುಗಿದು ಹೈದರಾಬಾದು ಮೊದಲಾಗುತ್ತಿದ್ದುದು ಎಲ್ಲಿಯೆಂದು ಗುಡಿಯ ಕಂಬವನ್ನು ಮುಟ್ಟಿ ಹೇಳುವಂತೆ ಅವರನ್ನು ಕೇಳಿರಿ.