ಬಾಕಿ ಎಷ್ಟೆಂದು ಹೇಳದೆ ಮತ ಕಿತ್ತುಕೊಂಡ ರಾಜ್ಯ

2018ರ ನವೆಂಬರ್ 6ರಂದು ಅಮೆರಿಕದ ಫ್ಲಾರಿಡಾ ರಾಜ್ಯದ ಮತದಾರರು ತಮ್ಮ ಸಂವಿಧಾನಕ್ಕೆ ನಾಲ್ಕನೇ ತಿದ್ದುಪಡಿ ಎಂದು ಹೆಸರಾದ ಬದಲಾವಣೆಯೊಂದನ್ನು ತಂದರು. ಗಂಭೀರ ಅಪರಾಧದಲ್ಲಿ ಶಿಕ್ಷೆಯಾಗಿ, ಆ ಶಿಕ್ಷೆ ಮುಗಿಸಿ ಬಂದವರಿಗೆ ಮತದಾನದ ಹಕ್ಕು ತಾನಾಗಿಯೇ ಮರಳಬೇಕು. ಕೊಲೆ ಮತ್ತು ಗಂಭೀರ ಲೈಂಗಿಕ ಅಪರಾಧ ಎಸಗಿದವರಿಗೆ ಮಾತ್ರ ಈ ಅವಕಾಶವಿಲ್ಲ. ತಿದ್ದುಪಡಿ ಗೆಲ್ಲಲು ಶೇ 60ರಷ್ಟು ಮತ ಬೇಕಿತ್ತು, ಶೇ 64ಕ್ಕೂ ಹೆಚ್ಚು ಬಿತ್ತು. ಲೆಕ್ಕದಲ್ಲಿ ಸುಮಾರು 51 ಲಕ್ಷ ಮತ. ಅದೇ ದಿನ ಗವರ್ನರ್ ಆಗಿ ಗೆದ್ದ ರಾನ್ ಡಿಸಾಂಟಿಸ್ ಅವರಿಗೆ ಬಿದ್ದದ್ದು ಸುಮಾರು 41 ಲಕ್ಷ. ಅಂದರೆ ಅವರಿಗೆ ಮತ ಹಾಕಿದ ಎಷ್ಟೋ ಮಂದಿ ಈ ತಿದ್ದುಪಡಿಗೂ ಕೈ ಎತ್ತಿದ್ದರು.

ಎಂಟು ತಿಂಗಳು ತುಂಬುವ ಮೊದಲೇ ಜನರ ಆ ತೀರ್ಮಾನದ ಕುತ್ತಿಗೆ ಹಿಸುಕಲಾಯಿತು. ರಿಪಬ್ಲಿಕನ್ ಬಹುಮತದ ಶಾಸನಸಭೆ ಹೊಸ ಕಾನೂನು ಮಾಡಿತು, 2019ರ ಜೂನ್ 28ರಂದು ಡಿಸಾಂಟಿಸ್ ಸಹಿ ಹಾಕಿದರು. ಜೈಲು, ಪೆರೋಲ್, ಪ್ರೊಬೇಷನ್ ಮುಗಿದರೆ ಸಾಲದು. ತೀರ್ಪಿನ ಜೊತೆ ಕೋರ್ಟು ಹೇರಿದ ದಂಡ, ಶುಲ್ಕ, ಪರಿಹಾರದ ಮೊತ್ತ ಎಲ್ಲವನ್ನೂ ತೀರಿಸಿರಬೇಕು. ತಿದ್ದುಪಡಿಯಿಂದ ಸುಮಾರು 14 ಲಕ್ಷ ಜನ ಮತದಾರರಾಗುತ್ತಾರೆ ಎಂಬ ಅಂದಾಜಿತ್ತು. ಈ ಕಾನೂನಿನಿಂದ, ಬೇರೆ ಯಾವ ಅಡ್ಡಿಯೂ ಇಲ್ಲದೆ ಬರೀ ಹಣದ ಕಾರಣಕ್ಕೆ ಹೊರಗುಳಿಯುವವರು ಏಳೂಮುಕ್ಕಾಲು ಲಕ್ಷದ ಆಸುಪಾಸು ಎಂದು ತಜ್ಞರೊಬ್ಬರು ಕೋರ್ಟಿಗೆ ಲೆಕ್ಕ ಕೊಟ್ಟರು. ಒಂದೇ ಅಪರಾಧ, ಒಂದೇ ಶಿಕ್ಷೆ, ಒಂದೇ ದಿನ ಬಿಡುಗಡೆಯಾದ ಇಬ್ಬರಲ್ಲಿ ದುಡ್ಡಿದ್ದವನು ಮತಗಟ್ಟೆಗೆ ಹೋಗುತ್ತಾನೆ, ಇಲ್ಲದವನು ಮನೆಯಲ್ಲಿರುತ್ತಾನೆ. ಇದನ್ನು ಪ್ರಜಾಪ್ರಭುತ್ವ ಎಂದು ಒಪ್ಪಿಕೊಳ್ಳಲು ನಾನು ಸಿದ್ಧನಿಲ್ಲ.

ಈ ಹಣ ಯಾವುದು ಎಂದು ನೋಡಬೇಕು. ಬಹುಪಾಲು ಜನ ಇದನ್ನು ಕದ್ದ ಮಾಲಿನ ಬೆಲೆ, ಏಟು ತಿಂದವನ ಆಸ್ಪತ್ರೆ ಖರ್ಚು ಎಂದುಕೊಳ್ಳುತ್ತಾರೆ. ಅದೂ ಇದೆ, ನಿಜ. ಆದರೆ ಅದರ ಜೊತೆಗೆ ಕೋರ್ಟು ತನ್ನದೇ ಖರ್ಚಿಗೆಂದು ಹಾಕುವ ಶುಲ್ಕಗಳ ಉದ್ದನೆಯ ಪಟ್ಟಿಯಿದೆ. ಬಡವನೊಬ್ಬ ಸರ್ಕಾರಿ ವಕೀಲರನ್ನು ಕೊಡಿ ಎಂದು ಅರ್ಜಿ ಹಾಕಿದರೆ ಅರ್ಜಿಗೇ 50 ಡಾಲರ್. ಶಿಕ್ಷೆಯಾದರೆ ಆ ವಕೀಲರ ವಾದಕ್ಕೆ ಕನಿಷ್ಠ 100 ಡಾಲರ್. ತನ್ನ ವಿರುದ್ಧ ವಾದಿಸಿದ ಪ್ರಾಸಿಕ್ಯೂಟರ್ ಖರ್ಚಿಗೆ ಇನ್ನೂ ಕನಿಷ್ಠ 100 ಡಾಲರ್. ವಕೀಲರನ್ನು ಇಟ್ಟುಕೊಳ್ಳಲು ಗತಿಯಿಲ್ಲದ ಆರೋಪಿಗೆ ಸರ್ಕಾರವೇ ವಕೀಲರನ್ನು ಕೊಡಬೇಕು ಎಂದು 1963ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು ಇದೇ ಫ್ಲಾರಿಡಾದ ಪನಾಮಾ ಸಿಟಿಯ ಕ್ಲಾರೆನ್ಸ್ ಅರ್ಲ್ ಗಿಡಿಯನ್ ಎಂಬ ಬಡವ ಜೈಲಿನಿಂದ ಪೆನ್ಸಿಲಿನಲ್ಲಿ ಬರೆದು ಕಳಿಸಿದ ಅರ್ಜಿಯ ಮೇಲೆ. ಆ ಹಕ್ಕು ಹುಟ್ಟಿದ ರಾಜ್ಯದಲ್ಲೇ ಅದನ್ನು ಬಳಸಿದ್ದಕ್ಕೆ ಬಿಲ್ಲು ಬರುತ್ತದೆ, ಬಿಲ್ಲು ಕಟ್ಟದಿದ್ದರೆ ಮತ ಹೋಗುತ್ತದೆ. ಬಾಕಿ ಉಳಿದರೆ ವಸೂಲಿ ಏಜೆನ್ಸಿಗೆ ಒಪ್ಪಿಸುತ್ತಾರೆ. ಆ ಏಜೆನ್ಸಿ ಶೇ 40ರವರೆಗೆ ತನ್ನ ಶುಲ್ಕ ಸೇರಿಸಬಹುದು ಎಂದು ಕಾನೂನೇ ಅನುಮತಿ ಕೊಟ್ಟಿದೆ.

ಹೋಗಲಿ, ಕಟ್ಟೋಣ ಎಂದು ಒಬ್ಬ ಹೊರಟ ಎಂದಿಟ್ಟುಕೊಳ್ಳಿ. ಎಷ್ಟು ಕಟ್ಟಬೇಕು? ಈ ಪ್ರಶ್ನೆಗೆ ಫ್ಲಾರಿಡಾ ಸರ್ಕಾರದ ಬಳಿ ಉತ್ತರ ಇರಲಿಲ್ಲ. 2020ರಲ್ಲಿ ರಾಜ್ಯದ ರಾಜಧಾನಿ ಟ್ಯಾಲಹಾಸಿಯ ಫೆಡರಲ್ ನ್ಯಾಯಾಧೀಶ ರಾಬರ್ಟ್ ಹಿಂಕಲ್ ಅವರ ಮುಂದೆ ನಡೆದ ವಿಚಾರಣೆಯಲ್ಲಿ ಇದು ಬಯಲಾಯಿತು. ಈ ವಿಷಯದಲ್ಲೇ ಪರಿಣತರಾದ ಪ್ರಾಧ್ಯಾಪಕರೊಬ್ಬರು ತಮ್ಮ ಪಿಎಚ್.ಡಿ. ವಿದ್ಯಾರ್ಥಿಗಳ ತಂಡ ಕಟ್ಟಿಕೊಂಡು, ಯಾದೃಚ್ಛಿಕವಾಗಿ ಆರಿಸಿದ 153 ಮಂದಿಯ ಬಾಕಿ ಪತ್ತೆ ಮಾಡಲು ಕೂತರು. ಇಂಟರ್ನೆಟ್ ಜಾಲಾಡಿದರು, ಕೌಂಟಿ ಕಚೇರಿಗಳಿಗೆ ಫೋನ್ ಮಾಡಿದರು. ಒಂದು ದಾಖಲೆ ಒಂದು ಮೊತ್ತ ಹೇಳಿದರೆ ಇನ್ನೊಂದು ದಾಖಲೆ ಬೇರೆ ಮೊತ್ತ ಹೇಳುತ್ತಿತ್ತು. 153ರಲ್ಲಿ ಕೇವಲ 3 ಮಂದಿಯ ದಾಖಲೆಗಳು ಒಂದಕ್ಕೊಂದು ತಾಳೆಯಾದವು. ವಿಶ್ವವಿದ್ಯಾಲಯದ ತಂಡಕ್ಕೆ ಆಗದ ಕೆಲಸವನ್ನು ಗಾರೆ ಕೆಲಸಕ್ಕೋ ಹೋಟೆಲಿನ ಪಾತ್ರೆ ತೊಳೆಯಲಿಕ್ಕೋ ಹೋಗುವವನು ಬಿಡುವಿನ ವೇಳೆಯಲ್ಲಿ ಮಾಡಬೇಕಂತೆ. ತಪ್ಪಿ ಮತದಾರರ ನೋಂದಣಿ ಅರ್ಜಿಗೆ ಸಹಿ ಹಾಕಿದರೆ ಮತ್ತೆ ಜೈಲಿನ ಭಯ. ಇತ್ತ, ಅಪರಾಧದ ಹಿನ್ನೆಲೆ ಇರುವವರಿಂದ ಬಂದಿದ್ದ 85 ಸಾವಿರ ನೋಂದಣಿ ಅರ್ಜಿಗಳು ರಾಜ್ಯದ ಪರಿಶೀಲನೆಗೆ ಕಾದು ಬಿದ್ದಿದ್ದವು. ಹಣ ಕೊಟ್ಟರೆ ಮತ ಎನ್ನುವ ಈ ವ್ಯವಸ್ಥೆ, ಕಟ್ಟಲಾಗದವರ ಮಟ್ಟಿಗೆ ಸಂವಿಧಾನಬಾಹಿರ ಎಂದು ಹಿಂಕಲ್ ಮೇ ತಿಂಗಳಲ್ಲಿ ತೀರ್ಪು ಕೊಟ್ಟರು.

ಆ ತೀರ್ಪು ನಾಲ್ಕು ತಿಂಗಳೂ ಉಳಿಯಲಿಲ್ಲ. ಸೆಪ್ಟೆಂಬರ್ 11ರಂದು ಅಟ್ಲಾಂಟಾದ 11ನೇ ಸರ್ಕೀಟ್ ಮೇಲ್ಮನವಿ ಕೋರ್ಟ್ 6–4ರ ಬಹುಮತದಲ್ಲಿ ಅದನ್ನು ರದ್ದು ಮಾಡಿತು. ದಂಡ, ಶುಲ್ಕಗಳು ಶಿಕ್ಷೆಯ ಭಾಗ, ತೆರಿಗೆಯಲ್ಲ ಎಂಬುದು ಬಹುಮತದ ವಾದ.

ಎದುರು ಪಕ್ಷದವರ ಬಲವಾದ ಮಾತನ್ನು ಮುಚ್ಚಿಡುವುದು ಸರಿಯಲ್ಲ. ಶಿಕ್ಷೆಯ ಎಲ್ಲ ಷರತ್ತುಗಳೂ ಮುಗಿದಿರಬೇಕು ಎಂದು ತಿದ್ದುಪಡಿಯಲ್ಲೇ ಇದೆ. 2017ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನ ಮುಂದೆ, ಇದರಲ್ಲಿ ದಂಡವೂ ಸೇರುತ್ತದೆ ಎಂದು ತಿದ್ದುಪಡಿ ತಂದವರ ವಕೀಲರೇ ಹೇಳಿದ್ದರು. 2020ರ ಜನವರಿಯಲ್ಲಿ ಆ ಕೋರ್ಟ್ ಕೂಡ ಹಾಗೆಯೇ ಅಭಿಪ್ರಾಯ ಕೊಟ್ಟಿತು. ಇದೆಲ್ಲ ಒಪ್ಪೋಣ. ಆದರೂ ಉಳಿಯುವ ಪ್ರಶ್ನೆ ಬೇರೆ: ಕಟ್ಟುವ ಶಕ್ತಿಯೇ ಇಲ್ಲದವನನ್ನು, ಎಷ್ಟು ಕಟ್ಟಬೇಕೆಂದೂ ತಿಳಿಸದೆ, ಸಾಯುವ ತನಕ ಮತಗಟ್ಟೆಯ ಹೊರಗೆ ನಿಲ್ಲಿಸುವ ಅಧಿಕಾರ ಸರ್ಕಾರಕ್ಕೆ ಇದೆಯೇ? ಅಪರಾಧಕ್ಕೆ ಬಲಿಯಾದವರ ಪರಿಹಾರದ ಹಣ ವಸೂಲಾಗಲೇಬೇಕು. ಅದಕ್ಕೆ ಸಿವಿಲ್ ದಾರಿಗಳಿವೆ. ಮತ ಕಿತ್ತುಕೊಂಡರೆ ಯಾವ ಸಂತ್ರಸ್ತರ ಕೈಗೂ ಒಂದು ಡಾಲರ್ ಹೆಚ್ಚಿಗೆ ಬರುವುದಿಲ್ಲ. ಬಾಕಿಯನ್ನು ಸಮುದಾಯ ಸೇವೆಯಾಗಿ ಬದಲಿಸಿಕೊಳ್ಳಲು 2019ರ ಕಾನೂನಿನಲ್ಲೇ ಅವಕಾಶ ಇದೆಯಲ್ಲ ಎನ್ನುತ್ತಾರೆ. ಇದೆ, ಆದರೆ ಅದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಯಾವ ಕೌಂಟಿಯಲ್ಲಿ ವಾಸ ಎನ್ನುವುದರ ಮೇಲೆ ಒಬ್ಬನ ಹಕ್ಕು ನಿಲ್ಲಬೇಕೇ?

ಇನ್ನು ಇತಿಹಾಸ. ಅಂತರ್ಯುದ್ಧ ಸೋತ ಮೇಲೆ ಕಪ್ಪು ಜನರಿಗೆ ಮತ ಕೊಡಲೇಬೇಕಾದ ಒತ್ತಡದಲ್ಲಿ ಬರೆದ 1868ರ ಸಂವಿಧಾನದಲ್ಲೇ ಫ್ಲಾರಿಡಾ, ಗಂಭೀರ ಅಪರಾಧಿಗಳಿಗೆ ಮತವಿಲ್ಲ ಎಂಬ ನಿಯಮವನ್ನು ಇಟ್ಟಿತು. 1889ರಲ್ಲಿ ತಲೆಗಂದಾಯ ಬಂತು: ಕಟ್ಟಿದ ರಸೀದಿ ಇಲ್ಲದಿದ್ದರೆ ಮತವಿಲ್ಲ. ಇದು ರದ್ದಾಗಲು 1937ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಆದದ್ದಕ್ಕೆ ಆರೆಂಜ್ ಕೌಂಟಿಯ ಒಕೋಯಿ ಸಾಕ್ಷಿ. 1920ರ ನವೆಂಬರ್ 2ರಂದು, ಅಧ್ಯಕ್ಷೀಯ ಚುನಾವಣೆಯ ದಿನ, ಮೋಸ್ ನಾರ್ಮನ್ ಎಂಬ ಕಪ್ಪು ರೈತ ಮತ ಹಾಕಲು ಹೋದ. ಅವನನ್ನು ವಾಪಸ್ ಅಟ್ಟಿದರು. ರಾತ್ರಿ ಬಿಳಿಯರ ಗುಂಪು ಅವನ ಗೆಳೆಯ ಜೂಲೈ ಪೆರಿಯ ಮನೆಗೆ ನುಗ್ಗಿತು. ಪೆರಿಯನ್ನು ನೇಣಿಗೇರಿಸಿ ಕೊಂದರು. ಕಪ್ಪು ಜನರ ಮನೆಗಳಿಗೆ, ಚರ್ಚುಗಳಿಗೆ ಬೆಂಕಿ ಬಿತ್ತು. ಬದುಕುಳಿದವರು ಊರು ಬಿಟ್ಟರು, ಮುಂದೆ ದಶಕಗಳ ಕಾಲ ಆ ಊರಿನಲ್ಲಿ ಕಪ್ಪು ಜನರ ವಾಸವೇ ಇರಲಿಲ್ಲ. 1951ರ ಕ್ರಿಸ್‌ಮಸ್ ರಾತ್ರಿ ಮಿಮ್ಸ್ ಊರಿನಲ್ಲಿ, ಲಕ್ಷಕ್ಕೂ ಹೆಚ್ಚು ಕಪ್ಪು ಮತದಾರರ ನೋಂದಣಿಗೆ ದುಡಿದಿದ್ದ ಹ್ಯಾರಿ ಟಿ. ಮೂರ್ ಅವರ ಮಲಗುವ ಕೋಣೆಯ ಕೆಳಗೆ ಬಾಂಬ್ ಸಿಡಿಯಿತು. ಅವರೂ, ಒಂಬತ್ತು ದಿನಗಳ ನಂತರ ಪತ್ನಿ ಹ್ಯಾರಿಯೆಟ್ ಕೂಡ ತೀರಿಕೊಂಡರು. ಆ ಕೊಲೆಗೆ ಯಾರಿಗೂ ಶಿಕ್ಷೆಯಾಗಲಿಲ್ಲ.

ಇಂಥ ನೆಲದಲ್ಲಿ, ಮತಕ್ಕೆ ಹಣದ ಷರತ್ತು ಹಾಕುವ ಯಾವ ಶಾಸಕನೂ ತನಗೆ ಹಿಂದಿನದು ಗೊತ್ತಿರಲಿಲ್ಲ ಎನ್ನುವಂತಿಲ್ಲ. 2016ರ ಹೊತ್ತಿಗೆ ಫ್ಲಾರಿಡಾದ ವಯಸ್ಕ ಕಪ್ಪು ಜನರಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಶಿಕ್ಷೆಯ ಕಾರಣಕ್ಕೆ ಮತ ಕಳೆದುಕೊಂಡಿದ್ದರು. 2000ದಲ್ಲಿ ಜಾರ್ಜ್ ಬುಷ್ ಈ ರಾಜ್ಯವನ್ನೂ ಅದರ ಮೂಲಕ ಅಧ್ಯಕ್ಷ ಪದವಿಯನ್ನೂ ಗೆದ್ದದ್ದು 537 ಮತಗಳಿಂದ. ಏಳೂಮುಕ್ಕಾಲು ಲಕ್ಷ ಜನರನ್ನು ಹೊರಗಿಡುವುದರ ರಾಜಕೀಯ ಬೆಲೆ ಏನೆಂದು ಆ ಸಂಖ್ಯೆಯೇ ಹೇಳುತ್ತದೆ.

2022ರ ಆಗಸ್ಟ್ 18ರಂದು ಡಿಸಾಂಟಿಸ್ ಪತ್ರಿಕಾಗೋಷ್ಠಿ ಕರೆದು, ಅಕ್ರಮವಾಗಿ ಮತ ಹಾಕಿದ 20 ಮಂದಿಯ ವಿರುದ್ಧ ಕ್ರಮ ಎಂದು ಘೋಷಿಸಿದರು. ಕೊಲೆ ಅಥವಾ ಲೈಂಗಿಕ ಅಪರಾಧದಲ್ಲಿ ಹಿಂದೆ ಶಿಕ್ಷೆಯಾಗಿದ್ದ ಕಾರಣ ಅವರಿಗೆ ತಿದ್ದುಪಡಿ ಅನ್ವಯಿಸುತ್ತಿರಲಿಲ್ಲ. ಆದರೆ ಅವರ ಅರ್ಜಿ ಸ್ವೀಕರಿಸಿ, ಮತದಾರರ ಕಾರ್ಡ್ ಕಳಿಸಿದ್ದು ಚುನಾವಣಾ ಕಚೇರಿಗಳೇ. ಪೊಲೀಸರ ಮೈಮೇಲಿನ ಕ್ಯಾಮೆರಾದ ದೃಶ್ಯಗಳು ಆಮೇಲೆ ಹೊರಬಂದವು: ಬೆಳ್ಳಂಬೆಳಗ್ಗೆ ಮನೆ ಮುಂದೆ ಕೈಕೋಳ ಹಾಕಿಸಿಕೊಳ್ಳುತ್ತಾ, ಕಾರ್ಡ್ ಕೊಟ್ಟಿದ್ದು ನೀವೇ ಅಲ್ಲವೇ ಎಂದು ಕೇಳುವವರು, ಏನು ಹೇಳಬೇಕೆಂದು ತೋಚದೆ ನಿಂತ ಪೊಲೀಸರು. ಈ ಕೇಸುಗಳನ್ನು ಹಾಕಿದ ರಾಜ್ಯ ಮಟ್ಟದ ಪ್ರಾಸಿಕ್ಯೂಟರಿಗೆ ಅಧಿಕಾರವೇ ಇಲ್ಲವೆಂದು ಕೆಲವು ಪ್ರಕರಣಗಳನ್ನು ನ್ಯಾಯಾಧೀಶರು ವಜಾ ಮಾಡಿದರೆ, 2023ರಲ್ಲಿ ಶಾಸನಸಭೆ ಕಾನೂನನ್ನೇ ತಿದ್ದಿ ಅಧಿಕಾರ ಕೊಟ್ಟಿತು. ಅದೇ ವರ್ಷ ಇನ್ನೊಂದು ಕಾನೂನು ಬಂತು: ಈ ಕಾರ್ಡ್ ಇದ್ದಮಾತ್ರಕ್ಕೆ ನೀವು ಅರ್ಹ ಮತದಾರರು ಎಂದಲ್ಲ ಎಂಬ ಸೂಚನೆ ಇನ್ನು ಮತದಾರರ ಕಾರ್ಡಿನ ಮೇಲೆಯೇ ಇರಬೇಕು.

ಅರ್ಹತೆ ತೀರ್ಮಾನಿಸುವ ಹೊಣೆ ಸರ್ಕಾರದ್ದು, ದಾಖಲೆಗಳು ಇರುವುದೂ ಸರ್ಕಾರದ ಬಳಿಯೇ. ಒಬ್ಬ ವ್ಯಕ್ತಿ ಕೇಳಿದರೆ ಇಂತಿಷ್ಟು ದಿನದೊಳಗೆ ಬಾಕಿ ಇಷ್ಟೆಂದು ಬರಹದಲ್ಲಿ ಹೇಳಲಿ. ಹೇಳಲಾಗದಿದ್ದರೆ ಹೆಸರನ್ನು ಪಟ್ಟಿಗೆ ಸೇರಿಸಲಿ. ಕಟ್ಟಲು ಗತಿಯಿಲ್ಲ ಎಂದು ಸರ್ಕಾರಿ ವಕೀಲರನ್ನು ಪಡೆದವರ ಮತಕ್ಕೆ ಕೋರ್ಟ್ ಶುಲ್ಕ ಅಡ್ಡ ಬರಕೂಡದು. ಸರ್ಕಾರವೇ ಕಾರ್ಡ್ ಕೊಟ್ಟು ಕರೆದವರ ಮೇಲೆ ಕೇಸು ಹಾಕುವುದು ನಿಲ್ಲಲಿ. ಇಷ್ಟನ್ನು ಮಾಡಲು ಹೊಸ ತಿದ್ದುಪಡಿ ಬೇಕಿಲ್ಲ, ಟ್ಯಾಲಹಾಸಿಯ ಶಾಸನಸಭೆಯ ಒಂದು ಅಧಿವೇಶನ ಸಾಕು.