ವಂತಿಗೆ ಕಾರ್ಖಾನೆ ಬಾಗಿಲಲ್ಲೇ ನಿಲ್ಲಬೇಕೆ?

ಮಾಲೂರಿನ ಕಾರ್ಖಾನೆಯಲ್ಲಿ ಯಂತ್ರಕ್ಕೆ ಸಿಲುಕಿ ಗಾಯಗೊಂಡ ಕಾರ್ಮಿಕನ ನೆರವಿಗೆ ಇಎಸ್‌ಐ ಇದೆ. ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ಲಾರಿಗೆ ಕ್ರೇಟು ಏರಿಸುವ ಹಮಾಲಿಯ ಬೆನ್ನು ಮುರಿದರೆ, ಆತ ಸರ್ಕಾರಿ ಯೋಜನೆಯ ನೆರವಿಗೆ ಕಾಯಬೇಕೇ ಹೊರತು ಹಕ್ಕಿನಿಂದ ಕೇಳುವಂತಿಲ್ಲ. ಇಬ್ಬರ ದುಡಿಮೆಯೂ ಒಂದೇ, ವ್ಯತ್ಯಾಸವಿರುವುದು ವಂತಿಗೆಯಲ್ಲಿ.

1948ರ ಕಾಯ್ದೆಯಿಂದ ಹುಟ್ಟಿದ ಇಎಸ್‌ಐಗೆ, 2019ರಲ್ಲಿ ಪರಿಷ್ಕೃತವಾದ ದರದಂತೆ, ಮಾಲೀಕರು ವೇತನದ ಶೇ 3.25 ಹಾಗೂ ಕಾರ್ಮಿಕರು ಶೇ 0.75ರಷ್ಟನ್ನು ಕಡ್ಡಾಯವಾಗಿ ಕಟ್ಟಬೇಕು. ಈ ಕಡ್ಡಾಯವೇ ಅದರ ಜೀವಾಳ. ಇಷ್ಟವಿದ್ದವರು ಮಾತ್ರ ಕಟ್ಟಲಿ ಎಂದರೆ ಆರೋಗ್ಯವಂತರು ಹಿಂದೆ ಸರಿಯುತ್ತಾರೆ, ನಿಧಿ ಬರಿದಾಗುತ್ತದೆ. ಆದರೆ ಈ ಏರ್ಪಾಡು ನಿಂತಿರುವುದು ಒಬ್ಬ ಮಾಲೀಕ ಮತ್ತು ಒಂದು ವೇತನ ಚೀಟಿಯ ಮೇಲೆ. ಮುಳಬಾಗಿಲಿನ ತೋಟಗಳಲ್ಲಿ ಟೊಮೆಟೊ ಬಿಡಿಸುವವರಿಗೆ, ಶ್ರೀನಿವಾಸಪುರದ ಮಾವಿನ ಮಂಡಿಗಳಲ್ಲಿ ಹಣ್ಣು ವಿಂಗಡಿಸುವವರಿಗೆ ಇವೆರಡೂ ಇಲ್ಲ.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಮಹಾರಾಷ್ಟ್ರವು 1969ರಲ್ಲಿಯೇ ಮಾಥಾಡಿ ಕಾಯ್ದೆ ತಂದು, ವರ್ತಕರು ಹಮಾಲರ ಕೂಲಿಯೊಂದಿಗೆ ಲೆವಿಯನ್ನೂ ಮಂಡಳಿಗೆ ಕಟ್ಟುವ ವ್ಯವಸ್ಥೆ ಮಾಡಿತು. 1996ರ ಕಾಯ್ದೆಯು ಕಟ್ಟಡ ಕಾರ್ಮಿಕರಿಗಾಗಿ ನಿರ್ಮಾಣ ವೆಚ್ಚದ ಮೇಲೆ ಸೆಸ್ ವಿಧಿಸಿತು. ಗಿಗ್ ಕಾರ್ಮಿಕರಿಗೆ ಪ್ರತಿ ವಹಿವಾಟಿನಲ್ಲಿ ಸಲ್ಲುವ ಮೊತ್ತದ ಶೇ 1ರಿಂದ 5ರಷ್ಟನ್ನು ಕಲ್ಯಾಣ ಶುಲ್ಕವಾಗಿ ಕಂಪನಿಗಳಿಂದ ಪಡೆಯಲು 2025ರಲ್ಲಿ ಕರ್ನಾಟಕವೇ ಕಾಯ್ದೆ ಮಾಡಿದೆ. ಮನೆಗೆ ಊಟ ತರುವ ಯುವಕನಿಗೆ ಸಲ್ಲುವ ನ್ಯಾಯ, ಆ ಊಟದ ಟೊಮೆಟೊ ಹೊತ್ತವನಿಗೆ ಏಕೆ ಸಲ್ಲಬಾರದು?

ಹೊರೆ ಕೊನೆಗೆ ರೈತನ ತಲೆಯ ಮೇಲೆ ಬೀಳುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಬೆಲೆ ಕುಸಿದಾಗ ಟೊಮೆಟೊವನ್ನು ರಸ್ತೆಗೆ ಸುರಿಯುವ ಜಿಲ್ಲೆಯಿದು. ಆದ್ದರಿಂದ ಲೆವಿಯನ್ನು ಫಸಲಿನ ಬೆಲೆಯ ಮೇಲಲ್ಲ, ಹಮಾಲಿ ಕೂಲಿಯ ಮೇಲೆ ಲೆಕ್ಕಹಾಕಿ ಖರೀದಿದಾರರಿಂದ ವಸೂಲು ಮಾಡಬೇಕೆಂಬುದು ನನ್ನ ಸಲಹೆ. ಅವರು ಅದನ್ನು ಹರಾಜಿನಲ್ಲಿ ಮುರಿದುಕೊಂಡರೂ ಕ್ರೇಟೊಂದಕ್ಕೆ ತಗಲುವ ಹೊರೆ ಅಲ್ಪವೇ. ತೋಟದ ಕೂಲಿಯವರನ್ನು ಇದು ಕೂಡಲೇ ತಲುಪದು, ನಿಜ. ಆದರೆ ಲೆಕ್ಕವಿರುವ ಮಾರುಕಟ್ಟೆಯಿಂದಲೇ ಆರಂಭಿಸುವುದು ವಿವೇಕ.

ವಸೂಲಿಯೊಂದೇ ಸಾಲದು. ಕಟ್ಟಡ ಕಾರ್ಮಿಕರ ಹೆಸರಿನಲ್ಲಿ ಸಂಗ್ರಹವಾದ ಸಾವಿರಾರು ಕೋಟಿ ರೂಪಾಯಿ ವೆಚ್ಚವಾಗದೆ ಉಳಿದಿದ್ದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಕಟುವಾಗಿ ಟೀಕಿಸಿತ್ತು. ನೋಂದಣಿ ಮತ್ತು ಪರಿಹಾರ ಎರಡೂ ಮಾರುಕಟ್ಟೆಯ ಪ್ರಾಂಗಣದಲ್ಲಿಯೇ ಸಿಗಬೇಕು. ದುಡಿದವನ ಕೈಗೆ ಮರಳದ ವಂತಿಗೆ ಭದ್ರತೆಯಾಗದು. ಅದು ಮತ್ತೊಂದು ತೆರಿಗೆ ಅಷ್ಟೆ.